ಗೋಕರ್ಣದಲ್ಲಿ ಎಲ್ಲಿ ಉಳಿಯೋದು? ಮೊದಲು ಮೆಟ್ಟಿಲು ಎಣಿಸಿ

ಕೆಲವು ವರ್ಷದ ಹಿಂದೆ ಅಮ್ಮನನ್ನು ಕರೆದುಕೊಂಡು ಗೋಕರ್ಣಕ್ಕೆ ಹೋಗಿದ್ದೆ. ಮೊಬೈಲಿನಲ್ಲಿ ನೋಡಿ ಕೋಣೆ ಬುಕ್ ಮಾಡಿದ್ದೆ. ‘ಸಮುದ್ರಕ್ಕೆ 50 ಮೀಟರ್’ ಎಂದು ಬರೆದಿತ್ತು. ಸುಳ್ಳೇನಲ್ಲ, 50 ಮೀಟರೇ ಇತ್ತು. ರಸ್ತೆಗೆ ಎಷ್ಟು ದೂರ ಅಂತ ಅವರು ಬರೆದಿರಲಿಲ್ಲ, ನಾನೂ ಕೇಳಿರಲಿಲ್ಲ. ಆಟೊದವರು ಗುಡ್ಡದ ಮೇಲೆ ನಿಲ್ಲಿಸಿ, ‘ಇಲ್ಲಿಂದ ಇಳ್ಕೊಂಡು ಹೋಗ್ಬೇಕು’ ಅಂದರು. ನೋಡಿದರೆ ಮೆಟ್ಟಿಲು, ಅದು ಮುಗಿದ ಮೇಲೆ ಮರಳು. ಒಂದು ಕೈಯಲ್ಲಿ ಚಕ್ರದ ಸೂಟ್‌ಕೇಸ್, ಇನ್ನೊಂದು ಕೈಯಲ್ಲಿ ಅಮ್ಮ. ಮರಳಲ್ಲಿ ಚಕ್ರ ಉರುಳೋದಿಲ್ಲ ಅನ್ನೋದು ಅವತ್ತು ಗೊತ್ತಾಯಿತು. ಕೆಳಗಿಳಿದು ಉಸಿರು ಬಿಡುತ್ತಾ ಕೂತ ಅಮ್ಮ, ‘ದೇವಸ್ಥಾನಕ್ಕೆ ಹೋಗಬೇಕಂದ್ರೆ ಇದನ್ನೆಲ್ಲ ಮತ್ತೆ ಹತ್ತಬೇಕೇನೋ?’ ಅಂದರು. ಹತ್ತಬೇಕಿತ್ತು. ಮರುದಿನ ಊರೊಳಗೆ ಬೇರೆ ಕೋಣೆ ಹಿಡಿದೆವು. ಮೊದಲನೆಯದಕ್ಕೆ ಕೊಟ್ಟ ದುಡ್ಡು ವಾಪಸ್ ಬರಲಿಲ್ಲ.

ಈಗ ನೆಂಟರು, ಗೆಳೆಯರು ಫೋನ್ ಮಾಡಿ ‘ಗೋಕರ್ಣದಲ್ಲಿ ಒಳ್ಳೆ ಹೋಟೆಲ್ ಯಾವುದು?’ ಅಂತ ಕೇಳಿದರೆ ನಾನು ಹೋಟೆಲ್ ಹೆಸರು ಹೇಳೋದಿಲ್ಲ. ‘ಯಾರ್ಯಾರು ಬರ್ತಿದ್ದೀರಿ? ಅವರ ಮೊಣಕಾಲು ಹೇಗಿದೆ?’ ಅಂತ ತಿರುಗಿ ಕೇಳುತ್ತೇನೆ. ಗೋಕರ್ಣದಲ್ಲಿ ಕೋಣೆಗಿಂತ ಮೊದಲು ಬೀಚ್ ಆರಿಸಬೇಕು. ಬೀಚಿಗಿಂತ ಮೊದಲು ಕಾಲು ನೋಡಿಕೊಳ್ಳಬೇಕು.

1. ನಿಮ್ಮ ಗುಂಪಿನಲ್ಲಿ ಕಷ್ಟಪಟ್ಟು ನಡೆಯೋರು ಯಾರು?

ಅವರಿಂದಲೇ ಶುರು ಮಾಡಿ. ವಯಸ್ಸಾದವರು, ಎತ್ತಿಕೊಳ್ಳಬೇಕಾದ ಮಗು, ಗರ್ಭಿಣಿ, ಕಾಲು ಉಳುಕಿದವರು, ಯಾರೇ ಇರಲಿ. ಹತ್ತು ಜನರಲ್ಲಿ ಒಬ್ಬರು ಹಾಗಿದ್ದರೂ ಆ ಒಬ್ಬರಿಗೆ ಸರಿಹೋಗುವ ಜಾಗವನ್ನೇ ನೋಡಿ. ಉಳಿದ ಒಂಬತ್ತು ಜನ ಬೇಕಾದಾಗ ಗುಡ್ಡ ಹತ್ತಿ ಹೋಗಿ ಬರಲಿ.

ಆಮೇಲೆ, ಹೋಗ್ತಿರೋದು ಯಾಕೆ? ಮಹಾಬಲೇಶ್ವರನ ದರ್ಶನಕ್ಕೋ, ಪಿತೃಕಾರ್ಯಕ್ಕೋ, ಸುಮ್ನೆ ನಾಲ್ಕು ದಿನ ಮರಳಲ್ಲಿ ಬಿದ್ದುಕೊಳ್ಳೋದಕ್ಕೋ? ‘ಎರಡೂ’ ಅನ್ನೋರು ಜಾಸ್ತಿ. ಅಂಥವರಿಗೆ ನನ್ನ ಮಾತು ಇಷ್ಟೇ: ದೇವಸ್ಥಾನದ ಕೆಲಸ ಇರುವ ದಿನ ಊರೊಳಗೆ ಇರಿ. ದೇವಸ್ಥಾನದೊಳಗೆ ಗಂಡಸರು ಅಂಗಿ ಬಿಚ್ಚಿ ಪಂಚೆ ಉಡಬೇಕು. ಬೆಳಿಗ್ಗೆ ಸ್ನಾನ ಮುಗಿಸಿ, ಪಂಚೆ ಉಟ್ಟುಕೊಂಡು, ಹಣ್ಣುಕಾಯಿ ಹಿಡಿದು ಗುಡ್ಡ ಹತ್ತಿಳಿಯೋದು ಯಾರಿಗೂ ಬೇಡ.

2. ಯಾವ ಬೀಚ್?

ಹೊಸಬರು ಎಡವೋದೇ ಇಲ್ಲಿ. ಗೋಕರ್ಣ ಅಂದರೆ ಒಂದು ಬೀಚ್ ಅಲ್ಲ. ಉತ್ತರದಲ್ಲಿ ಗಂಗಾವಳಿ ನದಿ, ದಕ್ಷಿಣದಲ್ಲಿ ತದಡಿ ಬಂದರು, ಅಲ್ಲಿ ಅಘನಾಶಿನಿ ಸಮುದ್ರ ಸೇರುತ್ತದೆ. ಈ ಎರಡು ನದಿಗಳ ನಡುವೆ ಊರಿನ ಮೇನ್ ಬೀಚ್. ಅಲ್ಲಿಂದ ದಕ್ಷಿಣಕ್ಕೆ ಒಂದಾದ ಮೇಲೊಂದು ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್. ಒಂದು ಬೀಚಿಗೂ ಇನ್ನೊಂದಕ್ಕೂ ನಡುವೆ ಕೆಂಪು ಕಲ್ಲಿನ ಗುಡ್ಡ ಸಮುದ್ರದೊಳಕ್ಕೆ ಮೂಗು ಚಾಚಿದೆ. ನಕ್ಷೆಯಲ್ಲಿ ಪಕ್ಕಪಕ್ಕ ಕಾಣುತ್ತವೆ. ನಡೆಯುವಾಗ ಗುಡ್ಡ ಹತ್ತಿ ಇಳಿಯಬೇಕು, ಗಾಡಿಯಲ್ಲಾದರೆ ಸುತ್ತು ಹಾಕಬೇಕು.

ಊರು ಮತ್ತು ಮೇನ್ ಬೀಚ್. ರಥಬೀದಿ, ಕೋಟಿತೀರ್ಥ, ಬಸ್ ಸ್ಟ್ಯಾಂಡ್, ಔಷಧಿ ಅಂಗಡಿ, ಊಟದ ಹೋಟೆಲು, ಎಲ್ಲವೂ ನಡೆಯುವಷ್ಟು ಹತ್ತಿರ. ಲಾಡ್ಜುಗಳಿವೆ, ಯಾತ್ರಿಕರಿಗೆ ಕೋಣೆ ಕೊಡುವ ಭಟ್ಟರ ಮನೆಗಳಿವೆ. ಕಾರ್ಯ ಮಾಡಿಸೋಕೆ ಬಂದವರು ಹೆಚ್ಚಾಗಿ ತಮ್ಮ ಪುರೋಹಿತರ ಮನೆಯಲ್ಲೇ ಉಳಿಯುತ್ತಾರೆ. ಅಲ್ಲಿ ಮೀನು, ಮಾಂಸ, ಕುಡಿತ ಯಾವುದೂ ನಡೆಯಲ್ಲ, ಅದನ್ನು ಕೇಳುವುದೂ ಬೇಡ. ಬೆಳಿಗ್ಗೆ ಗಂಟೆ ಸದ್ದಿಗೆ ಎಚ್ಚರ ಆಗುತ್ತದೆ. ಬೀದಿಗೆ ಬಂದರೆ ಹಾಲಕ್ಕಿ ಸಮುದಾಯದ ಹೆಂಗಸರು ಕೊರಳ ತುಂಬಾ ಮಣಿಸರ ಹಾಕಿಕೊಂಡು ಸೊಪ್ಪು, ಬದನೆ, ಹೂವು ಮುಂದಿಟ್ಟುಕೊಂಡು ಕೂತಿರುತ್ತಾರೆ. ಇದನ್ನು ನೋಡದೆ ಬರೀ ಬೀಚ್ ನೋಡಿಕೊಂಡು ವಾಪಸ್ ಹೋಗೋರು ಅರ್ಧ ಗೋಕರ್ಣ ಬಿಟ್ಟು ಹೋದ ಹಾಗೆ ಅಂತ ನನ್ನ ಅನಿಸಿಕೆ. ಕೊರತೆ ಏನು ಅಂದರೆ, ಮೇನ್ ಬೀಚಲ್ಲಿ ಜನ ಜಾಸ್ತಿ, ದೇವಸ್ಥಾನದ ಹತ್ತಿರದ ತುದಿಯಲ್ಲಿ ಗಲೀಜೂ ಇರುತ್ತದೆ. ಅಲೆ ಎಳೆಯುತ್ತದೆ, ನೀರಿಗಿಳಿದವರು ಮುಳುಗಿದ್ದು ಅಲ್ಲಿ ಹೊಸ ಸುದ್ದಿಯಲ್ಲ. ಉತ್ತರಕ್ಕೆ ನಡೆಯುತ್ತಾ ಹೋದಷ್ಟೂ ಜನ ಕಡಿಮೆ ಆಗುತ್ತಾರೆ. ಆ ಕಡೆ ಗಂಗಾವಳಿಯತ್ತ ತೆಂಗಿನ ತೋಟಗಳ ನಡುವೆ ಹೋಮ್‌ಸ್ಟೇಗಳಿವೆ. ಅಂಗಳದವರೆಗೆ ಗಾಡಿ ಹೋಗುವಂಥದು ಸಿಕ್ಕರೆ ಅಜ್ಜ, ಅಜ್ಜಿ, ಮಕ್ಕಳಿರುವ ಕುಟುಂಬಕ್ಕೆ ಅದೇ ನನ್ನ ಮೊದಲ ಆಯ್ಕೆ. ಮೆಟ್ಟಿಲಿಲ್ಲ, ಗದ್ದಲ ಇಲ್ಲ, ಆದರೂ ಮರಳಿಗೆ ಹತ್ತಿರ.

ಕುಡ್ಲೆ. ಊರಿಂದ ಗುಡ್ಡ ದಾಟಿ ನಡೆದೇ ಹೋಗಬಹುದು. ದಾರಿಯಲ್ಲಿ ಮೇನ್ ಬೀಚಿನ ತುದಿಗೆ ರಾಮತೀರ್ಥ ಸಿಗುತ್ತದೆ. ಸಂಜೆ ಸೂರ್ಯ ಮುಳುಗೋದು ನೋಡಲು, ಬರಿಗಾಲಲ್ಲಿ ಆ ತುದಿಯಿಂದ ಈ ತುದಿಗೆ ನಡೆಯಲು ಇದರಷ್ಟು ಹಿತವಾದ ಬೀಚ್ ಈ ಐದರಲ್ಲಿ ಇನ್ನೊಂದಿಲ್ಲ. ಗೆಳೆಯರ ಗುಂಪು, ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಬರುವ ಒಂಟಿ ಪ್ರಯಾಣಿಕರು, ಹೊಸದಾಗಿ ಮದುವೆಯಾದವರು ಇಲ್ಲಿಗೆ ಬರಲಿ. ಆದರೆ ಗಾಡಿ ಮೇಲೆಯೇ ನಿಲ್ಲುತ್ತದೆ, ಮುಂದಿನದೆಲ್ಲ ಕಾಲ್ನಡಿಗೆ. ನಾನು ಅಮ್ಮನನ್ನು ಇಳಿಸಿದ್ದು ಇಲ್ಲೇ. ಕುಡ್ಲೆಯಲ್ಲೂ ಎರಡು ಬಗೆ ಇದೆ. ಮೇಲೆ ಗುಡ್ಡದ ಅಂಚಿನಲ್ಲಿ, ಗಾಡಿ ನಿಲ್ಲುವ ಜಾಗದ ಹತ್ತಿರ ಇರುವ ಕೋಣೆ ಒಂದು. ಕೆಳಗೆ ಮರಳಿಗೆ ತಾಗಿಕೊಂಡಿರೋದು ಇನ್ನೊಂದು. ಮೇಲಿನದು ಹಿಡಿದರೆ ದಿನಕ್ಕೊಂದು ಸಲ ಇಳಿದು ಹತ್ತಿದರೆ ಸಾಕು. ಕೆಳಗಿನದಾದರೆ ಪ್ರತಿ ಸಣ್ಣ ಕೆಲಸಕ್ಕೂ ಹತ್ತಬೇಕು.

ಓಂ. ಎರಡು ಅರ್ಧಚಂದ್ರ ಜೋಡಿಸಿದ ಓಂ ಅಕ್ಷರದ ಹಾಗೆ ಇರುವುದರಿಂದ ಆ ಹೆಸರು. ಊರಿಂದ ರಸ್ತೆಯಲ್ಲಿ ಸುಮಾರು 6 ಕಿ.ಮೀ. ಗಾಡಿ ನಿಲ್ಲಿಸುವ ಜಾಗದಿಂದ ಮೆಟ್ಟಿಲು ಇಳಿಯಬೇಕು. ಹಗಲು ಬಂದು ಹೋಗೋರ ಗದ್ದಲ ಜಾಸ್ತಿ, ಸಂಜೆ ಅವರೆಲ್ಲ ಹೋದ ಮೇಲೆ ಅಲ್ಲೇ ಉಳಿದವರಿಗೆ ಬೀಚ್ ತಮ್ಮದೇ ಅನ್ನಿಸುತ್ತದೆ. ಮಂಗಗಳಿವೆ, ಕಿಟಕಿ ತೆರೆದಿಟ್ಟು ಬಾಳೆಹಣ್ಣು ಮೇಜಿನ ಮೇಲೆ ಬಿಟ್ಟು ಹೋಗಬೇಡಿ. ಕತ್ತಲಾದ ಮೇಲೆ ಊರಿಗೆ ಹೋಗಿ ಬರಲು ಆಟೊ ಸುಲಭಕ್ಕೆ ಸಿಗಲ್ಲ, ಸಿಕ್ಕರೆ ಅವರು ಹೇಳಿದ್ದೇ ರೇಟು. ಹಾಗಾಗಿ ಓಂ ಬೀಚಲ್ಲಿ ಉಳಿಯೋರು ರಾತ್ರಿ ಊಟ ಅಲ್ಲೇ ಮಾಡ್ತೀವಿ ಅಂತ ಲೆಕ್ಕ ಹಾಕಿಕೊಳ್ಳಿ.

ಹಾಫ್ ಮೂನ್, ಪ್ಯಾರಡೈಸ್. ರಸ್ತೆಯಿಂದ ದೂರ. ಗುಡ್ಡದ ಕಾಲುದಾರಿ, ಇಲ್ಲವೇ ದೋಣಿ. ಹಗಲು ಹೋಗಿ, ಸಂಜೆಯೊಳಗೆ ವಾಪಸ್ ಬನ್ನಿ. ರಾತ್ರಿ ಹೊಟ್ಟೆನೋವು ಬಂದರೆ ಕರೆದುಕೊಂಡು ಬರೋ ದಾರಿ ಇಲ್ಲದ ಕಡೆ ಕುಟುಂಬ ಕಟ್ಟಿಕೊಂಡು ಮಲಗಬೇಡಿ.

3. ತಾರೀಖು ಏನು ಹೇಳುತ್ತದೆ?

ಅಕ್ಟೋಬರಿಂದ ಮಾರ್ಚ್‌ವರೆಗೆ ಸೀಸನ್. ಡಿಸೆಂಬರ್ ಕೊನೆಯ ವಾರ, ಶುಕ್ರವಾರವೋ ಸೋಮವಾರವೋ ರಜೆ ಸೇರಿಕೊಂಡ ವಾರಾಂತ್ಯ, ಶಿವರಾತ್ರಿ, ಈ ಮೂರನ್ನು ತಪ್ಪಿಸಿದರೆ ಅರ್ಧ ತಲೆನೋವು ಕಡಿಮೆ. ಅದೇ ಕೋಣೆ, ಅದೇ ಫ್ಯಾನು, ಹೊಸವರ್ಷದ ರಾತ್ರಿ ಬಾಡಿಗೆ ಎರಡು ಪಟ್ಟು ಮೂರು ಪಟ್ಟು ಆಗಿರುತ್ತದೆ. ಶಿವರಾತ್ರಿ ಮತ್ತು ತೇರಿನ ಹೊತ್ತಿಗೆ ಊರೊಳಗೆ ಗಾಡಿ ಬಿಡೋದೇ ಕಷ್ಟ. ತೇರು ನೋಡಲೇಬೇಕು ಅಂದರೆ ನಡೆಯುವ ದೂರದಲ್ಲಿ ಕೋಣೆ ಹಿಡಿಯಿರಿ, ಅದೂ ಬಹಳ ಮೊದಲೇ.

ಏಪ್ರಿಲ್, ಮೇ ತಿಂಗಳಲ್ಲಿ ಜನ ಕಡಿಮೆ, ಬೆವರು ಜಾಸ್ತಿ. ಆಗ ಎಸಿಗಿಂತ ಮೊದಲು ನೀರಿನ ಬಗ್ಗೆ ಕೇಳಿ. ಕರಾವಳಿಯಲ್ಲಿ ಬೇಸಿಗೆಯ ಕೊನೆಗೆ ಬಾವಿ ನೀರು ಕೆಲವು ಕಡೆ ಉಪ್ಪಾಗುತ್ತದೆ. ಸಮುದ್ರದಲ್ಲಿ ಮುಳುಗಿ ಬಂದು ಉಪ್ಪು ನೀರಲ್ಲೇ ಸ್ನಾನ ಮಾಡಿದರೆ ಮೈ ಅಂಟಂಟು ಹೋಗೋದೇ ಇಲ್ಲ.

ಜೂನ್‌ನಿಂದ ಸೆಪ್ಟೆಂಬರ್ ಮಳೆಗಾಲ. ಮರಳ ಮೇಲಿನ ಗುಡಿಸಲು, ತೆಂಗಿನ ಗರಿಯ ಮಾಡಿನ ಹೋಟೆಲುಗಳನ್ನು ಎಷ್ಟೋ ಕಡೆ ಮಳೆಗೆ ಮೊದಲೇ ಬಿಚ್ಚಿಡುತ್ತಾರೆ. ದೋಣಿ ಇರಲ್ಲ, ಸಮುದ್ರಕ್ಕೆ ಇಳಿಯುವ ಮಾತೇ ಇಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದೆ, ತಾಜಾ ಮೀನು ಸಿಗೋದು ಕಡಿಮೆ, ಸಿಕ್ಕರೂ ದುಬಾರಿ. ಇಷ್ಟೆಲ್ಲ ಇದ್ದರೂ ನನಗೆ ಮಳೆಗಾಲದ ಗೋಕರ್ಣ ಇಷ್ಟ. ಮಹಡಿಯ ಮೇಲೆ ಕೂತು ಸಮುದ್ರದ ಅಬ್ಬರ ಕೇಳುತ್ತಾ ಚಹ ಕುಡಿಯಬಹುದು. ಆಗ ಮಾತ್ರ ಕಾಂಕ್ರೀಟ್ ಕಟ್ಟಡವೇ ಆಗಬೇಕು, ಊರೊಳಗೇ ಆಗಬೇಕು, ಇನ್ವರ್ಟರ್ ಇರಲೇಬೇಕು. ಗಾಳಿ ಮಳೆಗೆ ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳೋಕಾಗಲ್ಲ. ಹೊರಡುವ ಮುಂಚೆ ಹೆದ್ದಾರಿಯ ಸುದ್ದಿಯನ್ನೂ ನೋಡಿ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದಿದ್ದು ಇದೇ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ.

4. ಫೋಟೊ ನೋಡೋ ಕ್ರಮ

ಹೋಟೆಲಿನವರು ಹಾಕಿದ ಫೋಟೊ ಬಿಡಿ. ಉಳಿದು ಹೋದವರು ಹಾಕಿದ್ದನ್ನು ನೋಡಿ, ಅದೂ ನೀವು ಹೋಗುವ ತಿಂಗಳಿನದ್ದು. ಹಾಸಿಗೆಯ ಚಿತ್ರಕ್ಕಿಂತ ಬಚ್ಚಲಿನ ಚಿತ್ರ ಸತ್ಯ ಹೇಳುತ್ತದೆ. ಗೋಡೆಯ ಕೆಳಭಾಗದಲ್ಲಿ ಬಣ್ಣ ಎದ್ದಿದೆಯಾ, ಕಿಟಕಿಗೆ ಸೊಳ್ಳೆ ಜಾಲರಿ ಇದೆಯಾ, ನಲ್ಲಿಗೆ ತುಕ್ಕು ಎಷ್ಟು ಹಿಡಿದಿದೆ? ಸಮುದ್ರದ ಉಪ್ಪುಗಾಳಿಗೆ ಎಲ್ಲ ಕಬ್ಬಿಣವೂ ತುಕ್ಕು ಹಿಡಿಯುತ್ತದೆ, ಅದು ತಪ್ಪಲ್ಲ. ಕೊಂಡಿ ತುಕ್ಕು ಹಿಡಿದು ಬಾಗಿಲು ಭದ್ರವಾಗಿ ಹಾಕೋಕೆ ಆಗದಿದ್ದರೆ ಅದು ತಪ್ಪು.

ನಕ್ಷೆಯಲ್ಲಿ ಉಪಗ್ರಹ ಚಿತ್ರ ತೆರೆಯಿರಿ. ರಸ್ತೆ ಎಲ್ಲಿ ನಿಲ್ಲುತ್ತದೆ, ಕೋಣೆ ಎಲ್ಲಿದೆ, ನಡುವೆ ಹಸಿರು ಎಷ್ಟಿದೆ ನೋಡಿ. ಆ ಹಸಿರು ಗುಡ್ಡವೇ ಇರಬಹುದು. ‘ಸೀ ವ್ಯೂ’ ಅನ್ನೋ ಮಾತಿಗೂ ‘ಸೀ ಫೇಸಿಂಗ್’ ಅನ್ನೋ ಮಾತಿಗೂ ಯಾವ ಅಳತೆಗೋಲೂ ಇಲ್ಲ. ತೆಂಗಿನಮರದ ಸಂದಿಯಲ್ಲಿ ಅಂಗೈಯಗಲ ನೀಲಿ ಕಂಡರೂ ವ್ಯೂ ವ್ಯೂನೇ ಅಲ್ವಾ?

5. ಫೋನ್ ಮಾಡಿ, ಸರಿಯಾದ ಪ್ರಶ್ನೆ ಕೇಳಿ

ಆ್ಯಪ್‌ನಲ್ಲಿ ಬುಕ್ ಮಾಡುವುದಾದರೂ ಒಂದು ಸಲ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಿ, ಆ ಕಡೆಯವರಿಗೂ ಹಗುರ. ನಾನು ಕಳೆದ ಸಲ ಮಾಡಿದ ಫೋನು ಹೆಚ್ಚುಕಮ್ಮಿ ಹೀಗಿತ್ತು.

‘ನಮಸ್ಕಾರ, ಬೀಚಿಗೆ ಎಷ್ಟು ದೂರ ಆಗುತ್ತೆ ನಿಮ್ಮಲ್ಲಿಂದ?’

‘ಇಲ್ಲೇ ಸರ್, ಐದೇ ನಿಮಿಷ.’

‘ನಡ್ಕೊಂಡಾ, ಗಾಡೀಲಾ?’

‘ನಡ್ಕೊಂಡೇ ಸರ್.’

‘ಆಟೊ ಎಲ್ಲಿವರೆಗೆ ಬರುತ್ತೆ?’

ಒಂದು ಕ್ಷಣ ಸುಮ್ಮನಾದರು. ‘ಮೇಲಿನವರೆಗೆ ಬರ್ತದೆ ಸರ್. ಅಲ್ಲಿಂದ ಸ್ವಲ್ಪ ಇಳೀಬೇಕು.’

‘ಸ್ವಲ್ಪ ಅಂದ್ರೆ ಎಷ್ಟು ಮೆಟ್ಲು? ಜೊತೆಗೆ ನಮ್ಮಮ್ಮ ಇರ್ತಾರೆ.’

‘ಅಮ್ಮ ಬರ್ತಾರಾ? ಹಂಗಾದ್ರೆ ಬೇಡ ಸರ್, ಅವ್ರಿಗೆ ಕಷ್ಟ ಆಗ್ತದೆ. ಊರಲ್ಲಿ ನಮ್ಮ ಭಾವನ ಮನೆ ಅದೆ, ನಂಬರ್ ಕೊಡ್ಲಾ?’

ನೋಡಿ, ‘ಎಷ್ಟು ದೂರ’ ಅಂತ ಕೇಳಿದಾಗ ಬಾರದ ಮಾತು ‘ಅಮ್ಮ ಇರ್ತಾರೆ’ ಅಂದಾಗ ಬಂತು. ಯಾರು ಬರ್ತಿದ್ದಾರೆ ಅಂತ ಮೊದಲೇ ಹೇಳಿಬಿಡಿ. ಬಹುಪಾಲು ಜನ ಸುಳ್ಳು ಹೇಳೋದಿಲ್ಲ, ಕೇಳದ್ದನ್ನು ಹೇಳೋದಿಲ್ಲ ಅಷ್ಟೇ.

ಇನ್ನೂ ಕೇಳಬೇಕಾದ್ದು: ಬಿಸಿನೀರು ಸೋಲಾರಿನದ್ದಾ, ಗೀಸರಿನದ್ದಾ? ಕರೆಂಟ್ ಹೋದರೆ ಫ್ಯಾನ್ ತಿರುಗುತ್ತಾ? ಕಾರು ಎಲ್ಲಿ ನಿಲ್ಲಿಸಬೇಕು, ರಾತ್ರಿ ಅಲ್ಲಿ ಯಾರಾದರೂ ಇರ್ತಾರಾ? ಬಚ್ಚಲಲ್ಲಿ ಯಾವ ಬಗೆಯ ಕಮೋಡ್ ಇದೆ? (ಮೊಣಕಾಲು ನೋವಿನವರಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ.) ಪಕ್ಕದಲ್ಲಿ ರಾತ್ರಿ ಹಾಡು ಹಾಕುವ ಜಾಗ ಇದೆಯಾ? ಕೋಣೆಯೊಳಗೆ ಮೊಬೈಲ್ ಸಿಗ್ನಲ್ ಬರುತ್ತಾ? ಲ್ಯಾಪ್‌ಟಾಪ್ ಹಿಡಿದು ಬೀಚಲ್ಲಿ ಕೆಲಸ ಮಾಡ್ತೀನಿ ಅನ್ನೋ ಬೆಂಗಳೂರಿನ ಹುಡುಗರು ಈ ಕೊನೆಯದನ್ನು ಎರಡು ಸಲ ಕೇಳಿ. ಗುಡ್ಡದ ಮರೆಯಲ್ಲಿ ಸಿಗ್ನಲ್ ಕೈಕೊಟ್ಟರೆ ಆಫೀಸಿನವರಿಗೆ ಅಲೆಯ ಸದ್ದೂ ಕೇಳಿಸಲ್ಲ.

ಮದುವೆಯಾಗದ ಜೋಡಿಗಳು ಮೊದಲೇ ವಿಚಾರಿಸಿಕೊಳ್ಳೋದು ಒಳ್ಳೆಯದು, ಒಂದೊಂದು ಕಡೆ ಒಂದೊಂದು ರೂಢಿ. ಗುರುತಿನ ಚೀಟಿ ಎಲ್ಲರದ್ದೂ ಬೇಕು. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಇಟ್ಟುಕೊಳ್ಳಿ. ಅಮೆರಿಕದಿಂದಲೋ ಇಂಗ್ಲೆಂಡಿನಿಂದಲೋ ಬಂದ ತಮ್ಮ, ತಂಗಿ ಜೊತೆಗಿದ್ದು ಅವರದ್ದು ವಿದೇಶಿ ಪಾಸ್‌ಪೋರ್ಟ್ ಆಗಿದ್ದರೆ ಅದನ್ನೂ ಮೊದಲೇ ಹೇಳಿ. ಉಳಿಸಿಕೊಂಡವರು 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಸಲ್ಲಿಸಬೇಕಾಗುತ್ತದೆ. ಆ ವ್ಯವಸ್ಥೆ ಇಲ್ಲದ ಸಣ್ಣ ಜಾಗದಲ್ಲಿ ರಾತ್ರಿ ಹತ್ತಕ್ಕೆ ಹೋಗಿ ನಿಂತರೆ ಇಬ್ಬರಿಗೂ ಪೇಚಾಟ.

6. ದುಡ್ಡಿನ ವಿಷಯ

ಪೂರ್ತಿ ದುಡ್ಡು ಮುಂಗಡ ಕೊಡಬೇಡಿ. ಒಂದು ರಾತ್ರಿಯದ್ದು ಕೊಟ್ಟು, ಮಿಕ್ಕಿದ್ದು ಬಂದ ಮೇಲೆ ಅನ್ನಿ. ನಾಲ್ಕು ದಿನ ಇರುವ ಯೋಚನೆ ಇದ್ದರೂ ಮೊದಲು ಒಂದೇ ರಾತ್ರಿಗೆ ಬುಕ್ ಮಾಡೋದು ನನ್ನ ರೂಢಿ. ಇಷ್ಟವಾದರೆ ಮುಂದುವರಿಸುತ್ತೇನೆ, ಇಲ್ಲವಾದರೆ ಬೆಳಿಗ್ಗೆ ತಿಂಡಿ ತಿಂದು ಸುತ್ತಾಡಿ ಬೇರೆ ನೋಡುತ್ತೇನೆ. ಮೇಲೆ ಹೇಳಿದ ರಶ್ಶಿನ ದಿನಗಳಲ್ಲಿ ಮಾತ್ರ ಈ ಆಟ ನಡೆಯಲ್ಲ.

ನಕ್ಷೆಯಲ್ಲಿ ಸಿಗುವ ನಂಬರೆಲ್ಲ ಹೋಟೆಲಿನದ್ದೇ ಅಂತ ನಂಬಬೇಡಿ. ಬೇರೆ ಯಾರೋ ತಮ್ಮ ನಂಬರ್ ಸೇರಿಸಿ ಮುಂಗಡ ಹೊಡೆಯೋದು ಎಲ್ಲ ಪ್ರವಾಸಿ ಊರುಗಳಲ್ಲೂ ನಡೆಯುತ್ತಿದೆ. ಯುಪಿಐ ಮಾಡುವ ಮುನ್ನ, ‘ಬೋರ್ಡಿಂದ ಶುರು ಮಾಡಿ ಕೋಣೆಯವರೆಗೆ ಒಂದು ವಿಡಿಯೊ ಕಾಲ್‌ನಲ್ಲಿ ತೋರಿಸಿ’ ಅನ್ನಿ. ನಿಜವಾದವರು ನಗುತ್ತಾ ತೋರಿಸುತ್ತಾರೆ. ಅದರಲ್ಲಿ ಮೆಟ್ಟಿಲೂ ಕಾಣುತ್ತದೆ, ಒಂದೇ ಏಟಿಗೆ ಎರಡು ಕೆಲಸ. ಮೋಸ ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಹೇಳಿದ ಬಾಡಿಗೆಗೆ ತೆರಿಗೆ ಸೇರಿದೆಯಾ ಅಂತಲೂ ಕೇಳಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ಕೋಣೆಗೆ ಜಿಎಸ್‌ಟಿ ಶೇ 5, ಅದಕ್ಕೂ ಮೇಲಾದರೆ ಶೇ 18. ಹಳೇ ಲೆಕ್ಕದಲ್ಲಿ ಶೇ 12 ಹಾಕಿದರೆ ಬಿಲ್ ತೋರಿಸಿ ಕೇಳಬಹುದು.

7. ಹೋಗಿ ಇಳಿದ ಮೇಲೆ

ರೈಲಲ್ಲಿ ಬರುವವರು ಇಳಿಯಬೇಕಾದ್ದು ಗೋಕರ್ಣ ರೋಡ್ ಸ್ಟೇಷನ್, ಊರಿಂದ ಸುಮಾರು 10 ಕಿ.ಮೀ. ದೂರ. ಬೆಂಗಳೂರಿಂದ ಕಾರವಾರಕ್ಕೆ ಹೋಗುವ ಪಂಚಗಂಗಾ ರೈಲು ಬೆಳಿಗ್ಗೆ ಇಲ್ಲಿ ತಂದು ಬಿಡುತ್ತದೆ. ಕೋಣೆ ಸಿಗೋದು ಹನ್ನೊಂದಕ್ಕೋ ಹನ್ನೆರಡಕ್ಕೋ. ನಡುವಿನ ಹೊತ್ತಿಗೆ ಏನು ಮಾಡ್ತೀರಿ ಅನ್ನೋದನ್ನು ಮನೆಯಲ್ಲೇ ಯೋಚಿಸಿ. ‘ಬೇಗ ಬರ್ತೀವಿ, ಬ್ಯಾಗ್ ಇಟ್ಟು ಮುಖ ತೊಳೆಯೋಕೆ ಜಾಗ ಕೊಡ್ತೀರಾ?’ ಎಂದು ಮೊದಲೇ ಕೇಳಿಟ್ಟರೆ ಹೆಚ್ಚಿನವರು ಒಪ್ಪುತ್ತಾರೆ.

ಬ್ಯಾಗ್ ಬಿಚ್ಚೋ ಮೊದಲು ಕೋಣೆ ನೋಡಿ. ನಲ್ಲಿ ತಿರುಗಿಸಿ ಒಂದು ಗುಟುಕು ಬಾಯಿಗೆ ಹಾಕಿ ಉಗುಳಿ, ಉಪ್ಪಾ ಸಿಹಿಯಾ ಗೊತ್ತಾಗುತ್ತದೆ. ದಿಂಬು ಮೂಸಿ. ಕರಾವಳಿಯ ತೇವಕ್ಕೆ ಮುಗ್ಗಲು ವಾಸನೆ ಬಂದರೆ ಆಗಲೇ ಬೇರೆ ದಿಂಬು ಕೇಳಿ, ರಾತ್ರಿ ಹನ್ನೊಂದಕ್ಕಲ್ಲ. ಬಾಗಿಲ ಕೆಳಗೆ ಸಂದಿ ಇದ್ದರೆ ರಾತ್ರಿ ಒಂದು ಹಳೇ ಟವಲ್ ತುರುಕಿ, ಮಳೆಗಾಲದಲ್ಲಿ ಹುಳ ಹುಪ್ಪಟೆ ಒಳಗೆ ಬರೋದು ಸಾಮಾನ್ಯ. ಇಷ್ಟವಾಗದಿದ್ದರೆ ಆ ಗಳಿಗೆಯಲ್ಲೇ ಹೇಳಿ. ಹಾಸಿಗೆ ಮೇಲೆ ಮಲಗೆದ್ದ ಮೇಲೆ ಯಾರೂ ಕೋಣೆ ಬದಲಿಸಿ ಕೊಡಲ್ಲ.

ಮರಳಿಗೆ ತಾಗಿದ ಕೋಣೆಯಾದರೆ ಭರತ (ಸಮುದ್ರದ ಉಬ್ಬರ) ಎಲ್ಲಿಯವರೆಗೆ ಬರುತ್ತದೆ ಅಂತ ಅಲ್ಲಿಯವರನ್ನೇ ಕೇಳಿ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸು ನೀರು ಇನ್ನೂ ಮೇಲೆ ಏರುತ್ತದೆ. ಸಂಜೆ ಬಿಟ್ಟ ಚಪ್ಪಲಿ ಬೆಳಿಗ್ಗೆ ಇರಲ್ಲ. ನೀರಿಗೆ ಇಳಿಯೋ ಮೊದಲು ಜೀವರಕ್ಷಕರು ಎಲ್ಲಿ ನಿಂತಿದ್ದಾರೆ ನೋಡಿಕೊಳ್ಳಿ, ಅವರು ಬೇಡ ಅಂದ ಕಡೆ ಇಳಿಯಬೇಡಿ.

ಹೊರಡುವ ದಿನದ್ದೂ ಒಂದು ಮಾತು. ಕೋಣೆ ಬಿಡಬೇಕಾದ್ದು ಬೆಳಿಗ್ಗೆ ಹತ್ತು ಹನ್ನೊಂದಕ್ಕೆ, ಬೆಂಗಳೂರಿನ ರೈಲು, ಬಸ್ಸು ಸಂಜೆಯೋ ರಾತ್ರಿಯೋ. ಆ ಇಡೀ ದಿನ ಬ್ಯಾಗ್ ಎಲ್ಲಿ, ಕೊನೆಯ ಸಲ ನೀರಿಗಿಳಿದು ಬಂದ ಮೇಲೆ ಸ್ನಾನ ಎಲ್ಲಿ? ಬುಕ್ ಮಾಡುವಾಗಲೇ ಇದನ್ನೂ ಮಾತಾಡಿಟ್ಟುಕೊಳ್ಳಿ. ಕಳೆದ ಸಲ ನಾವು ಉಳಿದಿದ್ದ ಆ ಭಾವನ ಮನೆಯಲ್ಲಿ ಹಿತ್ತಲಿನ ಬಚ್ಚಲು ಬಿಟ್ಟುಕೊಟ್ಟರು. ಅಮ್ಮ ಎರಡು ಬಕೆಟ್ ಸಿಹಿನೀರು ಸುರಿದುಕೊಂಡು, ಸೀರೆ ಬದಲಿಸಿ, ಜಗುಲಿಯಲ್ಲಿ ಕೂತು ಮನೆಯವರು ಕೊಟ್ಟ ಮುರುಗಲು ಶರಬತ್ತು ಕುಡಿದರು. ಆಟೊ ಬಾಗಿಲಿಗೇ ಬಂತು.